ಕುದುರೆಯನ್ನು ತಲೆಕೆಳಗಾಗಿ ಎತ್ತುವ ಆ ವಿಡಿಯೋ: ಅಷ್ಟೊಂದು ಇಂಜೆಕ್ಷನ್ ಯಾಕೆ ಕೊಡುತ್ತಾರೆ?

ನಾಲ್ಕೂ ಕಾಲಿಗೆ ಪಟ್ಟಿ ಕಟ್ಟಿ, ಕ್ರೇನಿನ ಕೊಕ್ಕೆಗೆ ಸಿಕ್ಕಿಸಿ, ಕುದುರೆಯೊಂದನ್ನು ತಲೆಕೆಳಗಾಗಿ ಎತ್ತಿಕೊಂಡು ಹೋಗುವ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಮೈ ಜೋತು ಬಿದ್ದಿರುತ್ತದೆ, ನಾಲಿಗೆ ಹೊರಗಿರುತ್ತದೆ, ಬಾಯಿಂದ ಒಂದು ದಪ್ಪ ಕೊಳವೆ ಇಣುಕುತ್ತಿರುತ್ತದೆ. ಇಂಥ ವಿಡಿಯೋ ಜೊತೆ ಬರುವ ಸಾಲುಗಳೂ ಹೆಚ್ಚುಕಡಿಮೆ ಒಂದೇ ಥರ: ಮೂಕಪ್ರಾಣಿಗೆ ಎಂಥ ಹಿಂಸೆ ನೋಡಿ, ಐದಾರು ಇಂಜೆಕ್ಷನ್ ಚುಚ್ಚಿ ಪ್ರಯೋಗ ಮಾಡ್ತಿದ್ದಾರೆ, ಎಲ್ಲರಿಗೂ ಕಳಿಸಿ.

ದೃಶ್ಯ ಸಾಮಾನ್ಯವಾಗಿ ನಿಜವೇ ಆಗಿರುತ್ತದೆ, ಅದಕ್ಕೆ ಕೊಟ್ಟ ಅರ್ಥ ತಪ್ಪು. ಅದು ಆಪರೇಷನ್‌ಗೆ ಹೊರಟ ಕುದುರೆ. ಅದಕ್ಕೆ ಆಗಲೇ ಅರಿವಳಿಕೆ ಕೊಟ್ಟಾಗಿರುತ್ತದೆ, ಪ್ರಜ್ಞೆ ಇರುವುದಿಲ್ಲ. ಸುಮಾರು 500 ಕೆ.ಜಿ. ತೂಗುವ ಪ್ರಾಣಿಯನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗಲು ಆಗುವುದಿಲ್ಲ. ಗೊರಸಿನ ಮೇಲಿನ ಗಟ್ಟಿ ಭಾಗಕ್ಕೆ ಮೆತ್ತನೆಯ ಪಟ್ಟಿ ಕಟ್ಟಿ, ಒಬ್ಬರು ತಲೆಗೆ ಆಸರೆ ಕೊಟ್ಟು, ಕೆಲವೇ ನಿಮಿಷಗಳಲ್ಲಿ ದಪ್ಪ ಹಾಸಿಗೆಯ ಮೇಜಿನ ಮೇಲೆ ಇಳಿಸುತ್ತಾರೆ. ದೊಡ್ಡ ಪಶು ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕ್ರಮ.

ಇನ್ನು ಐದಾರು ಇಂಜೆಕ್ಷನ್ ಎನ್ನುವ ಮಾತು. ಅದೂ ನಿಜ. ಕೆಲವೊಮ್ಮೆ ಐದಾರಕ್ಕಿಂತ ಹೆಚ್ಚೇ ಇರುತ್ತವೆ. ನಾವು ಈ ಲೇಖನ ಬರೆಯಲು ಹೊರಟಿದ್ದೇ ಆ ಲೆಕ್ಕದಿಂದ. ಇಷ್ಟೊಂದು ಔಷಧ ಸೇರಿಸುವುದು ಕುದುರೆಗೆ ಅಪಾಯ ಎಂದು ಓದಿದವರಿಗೆ ಅನಿಸುತ್ತದೆ. ಅಲ್ಲಿ ನಡೆಯುತ್ತಿರುವುದು ಅದರ ಉಲ್ಟಾ. ಒಂದೇ ಔಷಧದಿಂದ ಎಲ್ಲ ಕೆಲಸ ಮಾಡಿಸಲು ಹೋದರೆ ಕುದುರೆ ಉಳಿಯುವುದು ಕಷ್ಟ. ಹಲವು ಔಷಧಗಳನ್ನು ಸ್ವಲ್ಪ ಸ್ವಲ್ಪವೇ ಕೊಡುವುದು ಅದನ್ನು ಉಳಿಸಿಕೊಳ್ಳುವ ದಾರಿ.

ಒಂದೇ ಔಷಧ ಸಾಲದೇ?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಕೊಟ್ಟು ನೋವಿಲ್ಲದ ಆಪರೇಷನ್ ಸಾಧ್ಯ ಎಂದು ಎಲ್ಲರೆದುರು ತೋರಿಸಿದ. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆ ಶುರು ಮಾಡಿದ. ಇವೆರಡೂ ಬೇಗನೆ ಕುದುರೆಗಳಿಗೂ ಬಂದವು. ಆಗಿನ ಲೆಕ್ಕ ಸರಳ: ಒಂದು ಔಷಧ, ಅದನ್ನೇ ಆಳವಾಗಿ ಕೊಡುವುದು. ಪ್ರಜ್ಞೆ ತಪ್ಪಬೇಕು, ನೋವು ತಾಗಬಾರದು, ಸ್ನಾಯು ಸಡಿಲವಾಗಬೇಕು. ಮೂರನ್ನೂ ಆ ಒಂದೇ ಆವಿ ಮಾಡಬೇಕು.

ತೊಡಕು ಇರುವುದು ಇಲ್ಲೇ. ಪ್ರಜ್ಞೆ ತಪ್ಪಿಸಲು ಸ್ವಲ್ಪ ಔಷಧ ಸಾಕು. ಸ್ನಾಯು ಪೂರ್ತಿ ಸಡಿಲವಾಗಿ, ಕತ್ತರಿಸಿದಾಗ ದೇಹ ಅಲುಗದಿರಲು ಅದೇ ಔಷಧ ತುಂಬಾ ಹೆಚ್ಚು ಬೇಕು. ಅಷ್ಟು ಹೆಚ್ಚಿಸುವ ಹೊತ್ತಿಗೆ ಉಸಿರಾಟ ಕುಗ್ಗುತ್ತದೆ, ಹೃದಯ ಸೋಲುತ್ತದೆ. ಬೇಕಾದ ಪರಿಣಾಮಕ್ಕೂ ಬೇಡದ ಪರಿಣಾಮಕ್ಕೂ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ಅಂದಹಾಗೆ, ಸಿನಿಮಾದಲ್ಲಿ ಕರ್ಚೀಫಿಗೆ ಕ್ಲೋರೋಫಾರ್ಮ್ ಸುರಿದು ಮೂಗಿಗೆ ಒತ್ತಿದ ಕೂಡಲೇ ಜನ ಕುಸಿಯುತ್ತಾರಲ್ಲ, ಅದು ಬರೀ ಸಿನಿಮಾ. ಪ್ರಜ್ಞೆ ತಪ್ಪಲು ನಿಮಿಷಗಳೇ ಬೇಕು, ಡೋಸ್ ಸ್ವಲ್ಪ ಮೀರಿದರೆ ಪ್ರಾಣವೇ ಹೋಗುತ್ತದೆ.

1926ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜಾನ್ ಲಂಡಿ ಇದಕ್ಕೊಂದು ಬೇರೆ ದಾರಿಯನ್ನು ಹೆಸರಿಟ್ಟು ಹೇಳಿದ: ಸಮತೋಲಿತ ಅರಿವಳಿಕೆ. ಕೆಲಸಗಳನ್ನು ಹಂಚಿಬಿಡಿ. ಮಂಪರಿಗೆ ಒಂದು, ನೋವಿಗೆ ಒಂದು, ಪ್ರಜ್ಞೆ ತಪ್ಪಿಸಲು ಒಂದು. ಪ್ರತಿಯೊಂದೂ ತನ್ನ ಪಾಲಿನ ಕೆಲಸವನ್ನಷ್ಟೇ ಮಾಡುವುದರಿಂದ ಪ್ರತಿಯೊಂದರ ಡೋಸೂ ಇಳಿಯುತ್ತದೆ. ತೇರು ಎಳೆಯುವಾಗ ಹಗ್ಗ ಹಿಡಿಯುವವರು ಬೇರೆ, ಗಾಲಿಗೆ ಮರದ ತುಂಡು ಕೊಟ್ಟು ತಿರುಗಿಸುವವರು ಬೇರೆ ಇರುತ್ತಾರಲ್ಲ, ಹಾಗೆ. ಇವತ್ತು ನಮ್ಮ ನಿಮ್ಮ ಮನೆಯವರಿಗೆ ಆಪರೇಷನ್ ಆದಾಗ ಬಿಲ್ಲಿನಲ್ಲಿ ಕಾಣುವ ಉದ್ದದ ಇಂಜೆಕ್ಷನ್ ಪಟ್ಟಿಗೂ ಇದೇ ಕಾರಣ.

ಮನುಷ್ಯರಿಗೆ ಇದು ಒಳ್ಳೆಯ ಪದ್ಧತಿ. ಕುದುರೆಗೆ ಇದಿಲ್ಲದೆ ನಡೆಯುವುದೇ ಇಲ್ಲ.

ಕುದುರೆಯ ಕಷ್ಟವೇ ಬೇರೆ

ಮೊದಲು ಅಂಕಿ ನೋಡೋಣ. ಬ್ರಿಟನ್‌ನಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಅರಿವಳಿಕೆ ಪಡೆದ 41,824 ಕುದುರೆಗಳ ಲೆಕ್ಕ ಇಟ್ಟು 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಏಳು ದಿನಗಳೊಳಗೆ ಶೇ. 1.9ರಷ್ಟು ಕುದುರೆಗಳು ಸತ್ತಿದ್ದವು. ಹೊಟ್ಟೆಶೂಲೆಯಂಥ ತುರ್ತು ಪ್ರಕರಣಗಳನ್ನು ಬಿಟ್ಟರೂ ಶೇ. 0.9. ಅಂದರೆ ಆರೋಗ್ಯವಾಗಿಯೇ ಇದ್ದು, ಮೊದಲೇ ದಿನ ಗೊತ್ತುಮಾಡಿ ಮಾಡಿಸಿದ ಆಪರೇಷನ್‌ನಲ್ಲೂ ನೂರಕ್ಕೆ ಸುಮಾರು ಒಂದು. ಬ್ರಿಟನ್‌ನಲ್ಲೇ ನಾಯಿಗಳ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ ಈ ಪ್ರಮಾಣ ಶೇ. 0.17, ಅಂದರೆ ಆರುನೂರಕ್ಕೆ ಒಂದರಷ್ಟು. ಮುಂದುವರಿದ ದೇಶಗಳಲ್ಲಿ ಮನುಷ್ಯರಿಗೆ ಅರಿವಳಿಕೆಯೊಂದೇ ಕಾರಣವಾಗಿ ಆಗುವ ಸಾವು ಲಕ್ಷಕ್ಕೆ ಒಂದರ ಆಸುಪಾಸು. ಎಣಿಸುವ ರೀತಿ ಬೇರೆ ಬೇರೆ ಇರುವುದರಿಂದ ಇವನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ, ಆದರೆ ಅಂತರ ಎಷ್ಟಿದೆ ಎನ್ನುವ ಅಂದಾಜಿಗೆ ಸಾಕು.

ಯಾಕೆ ಹೀಗೆ? ಕುದುರೆ ನಿಲ್ಲಲಿಕ್ಕೆಂದೇ ಹುಟ್ಟಿದ ಪ್ರಾಣಿ. ಮಂಡಿ ಬೀಗ ಹಾಕಿದಂತೆ ನಿಲ್ಲಿಸಿಕೊಳ್ಳುವ ಏರ್ಪಾಡು ಅದರ ಕಾಲಿನಲ್ಲೇ ಇದೆ, ನಿಂತೇ ತೂಕಡಿಸುತ್ತದೆ. (ಕುದುರೆ ಮಲಗುವುದೇ ಇಲ್ಲ ಎನ್ನುವ ಫಾರ್ವರ್ಡ್ ಮಾತ್ರ ತಪ್ಪು. ಗಾಢ ನಿದ್ದೆಗೆ ಅದೂ ದಿನಕ್ಕೆ ಸ್ವಲ್ಪ ಹೊತ್ತು ಮಲಗಲೇಬೇಕು.) ಅಂಥ ಪ್ರಾಣಿಯನ್ನು ಗಂಟೆಗಟ್ಟಲೆ ಬೆನ್ನ ಮೇಲೆ ಮಲಗಿಸಿದರೆ ನೂರು ಲೀಟರಿಗೂ ಹೆಚ್ಚು ಹಿಡಿಯುವ ಕರುಳು ಶ್ವಾಸಕೋಶದ ಮೇಲೆ ಕುಳಿತುಬಿಡುತ್ತದೆ. ಶುದ್ಧ ಆಮ್ಲಜನಕ ಕೊಡುತ್ತಿದ್ದರೂ ರಕ್ತದಲ್ಲಿ ಆಮ್ಲಜನಕ ಸಾಲದೇ ಹೋಗಬಹುದು.

ಎರಡನೆಯದು ಸ್ನಾಯು. ಅರ್ಧ ಟನ್ ಭಾರದ ಕೆಳಗೆ ಸಿಕ್ಕಿದ ತೊಡೆ, ಭುಜದ ಸ್ನಾಯುಗಳಿಗೆ ರಕ್ತ ಹರಿಯಬೇಕಾದರೆ ರಕ್ತದೊತ್ತಡ ಗಟ್ಟಿಯಾಗಿರಬೇಕು. ಸರಾಸರಿ ಒತ್ತಡ 70ಕ್ಕಿಂತ ಕೆಳಗಿಳಿಯದಂತೆ ವೈದ್ಯರು ಕಾಯುತ್ತಾರೆ. ಇಳಿದು ಹಾಗೇ ಇದ್ದರೆ ಆಪರೇಷನ್ ಚೆನ್ನಾಗಿ ಆದರೂ ಕುದುರೆ ಎದ್ದು ನಿಲ್ಲಲಾರದು, ಸ್ನಾಯು ಒಳಗೇ ಸತ್ತಿರುತ್ತದೆ. ತಲೆಗೆ ಕಟ್ಟಿದ ಪಟ್ಟಿಯನ್ನೂ ಬಿಚ್ಚಿಡುತ್ತಾರೆ, ಅದರ ಬಕಲ್ ಒತ್ತಿ ಮುಖದ ನರ ಕೆಟ್ಟುಹೋಗಬಹುದು. ಒಂದು ಬಕಲ್ ಇಷ್ಟು ಮಾಡುತ್ತದೆ ಎಂದರೆ ಇಡೀ ಮೈಭಾರದ ಲೆಕ್ಕ ಹಾಕಿ.

ಮೂರನೆಯದು ಎಚ್ಚರವಾಗುವ ಹೊತ್ತು. ಅದನ್ನು ಆಮೇಲೆ ಹೇಳುತ್ತೇವೆ, ಅದು ದೊಡ್ಡ ಕಥೆ.

ಯಾವ ಔಷಧ, ಯಾವ ಕ್ರಮ?

ಡೋಸ್‌ಗಳನ್ನು ನಾವಿಲ್ಲಿ ಬರೆಯುವುದಿಲ್ಲ. ಅದು ಪಶುವೈದ್ಯರ ಕೆಲಸ, ಫಾರ್ವರ್ಡ್ ಆಗುವ ಲೇಖನದಲ್ಲಿ ಇರಬಾರದ್ದು. ಕ್ರಮ ಮಾತ್ರ ತಿಳಿದುಕೊಳ್ಳೋಣ, ಯಾಕೆಂದರೆ ಇಡೀ ಜಾಣತನ ಇರುವುದು ಕ್ರಮದಲ್ಲೇ.

ಮೊದಲು ಮಂಪರು. ಝೈಲಜೀನ್, ಡೆಟೊಮಿಡೀನ್, ರೊಮಿಫಿಡೀನ್ ಎನ್ನುವ ಒಂದೇ ಕುಟುಂಬದ ಔಷಧಗಳಲ್ಲಿ ಒಂದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲವು ನಿಮಿಷಗಳಲ್ಲಿ ಕುದುರೆಯ ತಲೆ ನಿಧಾನವಾಗಿ ಕೆಳಗೆ ಬರುತ್ತದೆ, ಕೆಳದುಟಿ ಜೋತು ಬೀಳುತ್ತದೆ, ಸುತ್ತಲಿನ ಗದ್ದಲ ಅದಕ್ಕೆ ಬೇಡವಾಗುತ್ತದೆ. ಆದರೂ ನಿಂತೇ ಇರುತ್ತದೆ. ಈ ಔಷಧ ನೋವನ್ನೂ ತಗ್ಗಿಸುತ್ತದೆ. ಪ್ರತಿಯಾಗಿ ಹೃದಯ ಬಡಿತ ನಿಧಾನವಾಗುತ್ತದೆ, ಕರುಳಿನ ಚಲನೆ ತಗ್ಗುತ್ತದೆ. ಆಪರೇಷನ್ ಆದ ಮೇಲೆ ಲಾಯದಲ್ಲಿ ಕುದುರೆ ಲದ್ದಿ ಹಾಕಿತೇ ಎಂದು ಎಲ್ಲರೂ ಕಾಯುವುದಕ್ಕೆ ಇದೂ ಒಂದು ಕಾರಣ.

ಇದರ ಜೊತೆ ಅಸೆಪ್ರೊಮಜೀನ್ ಎನ್ನುವ ಹಳೆಯ ಔಷಧವನ್ನು ಮೊದಲೇ ಕೊಡುವುದುಂಟು. ಆ ಬ್ರಿಟನ್ ಅಧ್ಯಯನದಲ್ಲಿ ಕಂಡುಬಂದ ಒಂದು ಸಂಗತಿ ಇಲ್ಲಿ ಮುಖ್ಯ. ಮೊದಲಿನ ಈ ಶಾಂತಗೊಳಿಸುವ ಔಷಧಗಳನ್ನು ಕೊಡದೆ ನೇರವಾಗಿ ಅರಿವಳಿಕೆಗೆ ಒಳಪಡಿಸಿದ ಕುದುರೆಗಳಲ್ಲಿ ಸಾವಿನ ಅಪಾಯ ಹೆಚ್ಚಿತ್ತು, ಅಸೆಪ್ರೊಮಜೀನ್ ಪಡೆದವುಗಳಲ್ಲಿ ಕಡಿಮೆ ಇತ್ತು. ಇಂಜೆಕ್ಷನ್ ಒಂದು ಹೆಚ್ಚು, ಅಪಾಯ ಕಡಿಮೆ.

ತಲೆ ಪೂರ್ತಿ ಇಳಿದ ಮೇಲೆ, ಅದಕ್ಕೂ ಮೊದಲಲ್ಲ, ಕೆಟಮಿನ್. ಇದು ಪ್ರಜ್ಞೆ ತಪ್ಪಿಸುತ್ತದೆ. ಒಂದೆರಡು ನಿಮಿಷದೊಳಗೆ ಕುದುರೆ ಕುಸಿಯುತ್ತದೆ. ಕೆಟಮಿನ್‌ನ ಒಳ್ಳೆಯ ಗುಣವೆಂದರೆ ಹೃದಯವನ್ನೂ ಉಸಿರಾಟವನ್ನೂ ಅಷ್ಟಾಗಿ ಕುಗ್ಗಿಸುವುದಿಲ್ಲ. ಕೆಟ್ಟ ಗುಣ, ಕುದುರೆಗೆ ಇದನ್ನೊಂದನ್ನೇ ಕೊಟ್ಟರೆ ಅದು ನಿದ್ದೆ ಹೋಗುವ ಬದಲು ಉದ್ರೇಕಗೊಳ್ಳುತ್ತದೆ, ಮೈ ಸೆಟೆದುಕೊಳ್ಳುತ್ತದೆ, ಫಿಟ್ಸ್ ಬಂದಂತೆ ಆಡುತ್ತದೆ. ಅರ್ಧ ಟನ್ ಪ್ರಾಣಿ ಹಾಗೆ ಆಡಿದರೆ ಹತ್ತಿರ ನಿಂತವರ ಗತಿ ಏನು? ಆದ್ದರಿಂದಲೇ ಝೈಲಜೀನ್ ಮೊದಲು, ಕಾಯುವುದು, ಆಮೇಲೆ ಕೆಟಮಿನ್. ಅವೇ ಎರಡು ಔಷಧ, ಅವೇ ಡೋಸ್, ಕ್ರಮ ತಿರುಗುಮುರುಗಾದರೆ ಫಲವೇ ಬೇರೆ.

ಆ ಸೆಟೆತ ಪೂರ್ತಿ ಹೋಗಲು ಡಯಾಜೆಪಾಮ್ ಅಥವಾ ಮಿಡಜೋಲಾಮ್ ಸೇರಿಸುತ್ತಾರೆ. ಇಲ್ಲವೇ ಗ್ವಾಯ್‌ಫೆನೆಸಿನ್. ಈ ಹೆಸರು ಎಲ್ಲೋ ಓದಿದಂತಿದೆಯೇ? ಕಫ ಕರಗಿಸುವ ಕೆಮ್ಮಿನ ಸಿರಪ್ ಬಾಟಲಿಯ ಮೇಲೆ ನೋಡಿ. ನಾವು ಚಮಚದಲ್ಲಿ ಕುಡಿಯುವ ಅದೇ ಔಷಧವನ್ನು ಕುದುರೆಗೆ ಅರ್ಧ, ಒಂದು ಲೀಟರ್ ದ್ರಾವಣದಲ್ಲಿ ರಕ್ತನಾಳಕ್ಕೆ ಇಳಿಸಿದಾಗ ಅದು ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡಿ ಕಾಲುಗಳನ್ನು ಸಡಿಲಗೊಳಿಸುತ್ತದೆ. ಉಸಿರಾಡಿಸುವ ಸ್ನಾಯುವನ್ನು ಮಾತ್ರ ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದರೆ ಇದು ನೋವನ್ನು ತಡೆಯುವುದಿಲ್ಲ. ಇದೊಂದರಿಂದಲೇ ಕುದುರೆಯನ್ನು ಮಲಗಿಸಿ ಕತ್ತರಿಸಿದರೆ ಅದು ಅಲುಗಾಡದೆ ಎಲ್ಲ ನೋವನ್ನೂ ಅನುಭವಿಸುತ್ತದೆ. ಹಿಂಸೆ ಎಂದರೆ ಅದು. ಕೆಟಮಿನ್, ಝೈಲಜೀನ್ ಜೊತೆಗಿರಲೇಬೇಕು. ಈ ಮೂರನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿ ಹನಿಹನಿಯಾಗಿ ಕೊಡುವುದಕ್ಕೆ ಟ್ರಿಪಲ್ ಡ್ರಿಪ್ ಎನ್ನುತ್ತಾರೆ. ಬೀಜ ತೆಗೆಯುವಂಥ, ಗಂಟೆಯೊಳಗೆ ಮುಗಿಯುವ ಆಪರೇಷನ್‌ಗಳನ್ನು ಇದರಿಂದ ಹುಲ್ಲುಗಾವಲಿನಲ್ಲೇ ಮಾಡಿ ಮುಗಿಸುತ್ತಾರೆ.

ಕುದುರೆ ಮಲಗಿದ ಮೇಲೆ ಗಂಟಲಿಗೆ ಕೊಳವೆ. ವಿಡಿಯೋದಲ್ಲಿ ಬಾಯಿಂದ ಇಣುಕುತ್ತಿತ್ತಲ್ಲ, ಅದು. ಅದಕ್ಕೆ ಮುಂಚೆ ಬಾಯಿಯನ್ನು ನೀರು ಹಾಕಿ ತೊಳೆದಿರುತ್ತಾರೆ, ಕೆನ್ನೆಯೊಳಗೆ ಉಳಿದ ಹುಲ್ಲು ಕೊಳವೆಯ ಜೊತೆ ಶ್ವಾಸಕೋಶಕ್ಕೆ ಹೋಗಬಾರದು ಎಂದು.

ದೊಡ್ಡ ಪ್ರಾಣಿಗೆ ದೊಡ್ಡ ಡೋಸ್?

ಇದು ಜನರಲ್ಲಿ ಬೇರೂರಿದ ನಂಬಿಕೆ. ತೂಕಕ್ಕೆ ತಕ್ಕ ಡೋಸ್ ಎನ್ನುವುದು ಒಂದೇ ಜಾತಿಯ ಪ್ರಾಣಿಗಳ ನಡುವೆ ಸರಿ. ಜಾತಿ ಬದಲಾದರೆ ಲೆಕ್ಕ ಕೈಕೊಡುತ್ತದೆ. ನಮ್ಮ ಊರುಗಳ ಪಶುವೈದ್ಯರ ಚೀಲದಲ್ಲೂ ಇರುವ ಝೈಲಜೀನ್ ಅನ್ನೇ ತೆಗೆದುಕೊಳ್ಳಿ. ಒಂದೇ ತೂಕದ ಕುದುರೆ ಮತ್ತು ಹಸು ಇದ್ದರೆ, ಕುದುರೆಗೆ ಬೇಕಾದ ಡೋಸಿನ ಹತ್ತನೇ ಒಂದು ಭಾಗ ಹಸುವಿಗೆ ಸಾಕು. ಕುದುರೆಯ ಡೋಸನ್ನೇ ಹಸುವಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಮಾರ್ಫಿನ್ ಇನ್ನೂ ವಿಚಿತ್ರ. ಮನುಷ್ಯರಿಗೆ ಮಂಪರು ತರಿಸುವ ಈ ಔಷಧವನ್ನು ನೋವಿಲ್ಲದ ಕುದುರೆಗೆ ಹೆಚ್ಚಾಗಿ ಕೊಟ್ಟರೆ ಅದು ನಿಂತಲ್ಲಿ ನಿಲ್ಲದೆ ಓಡಾಡತೊಡಗುತ್ತದೆ. ನೋವು ನಿವಾರಣೆಗೆ ನಮ್ಮ ಆಸ್ಪತ್ರೆಗಳು ಮೊದಲು ನೆನೆಯುವ ಔಷಧದ ಮೇಲೆ ಕುದುರೆಯ ವೈದ್ಯರು ಪೂರ್ತಿ ಭಾರ ಹಾಕಲಾರರು. ಮನುಷ್ಯರ ಆಪರೇಷನ್‌ನಲ್ಲಿ ಬಳಸುವ, ಮೈಯನ್ನು ಪೂರ್ತಿ ನಿಶ್ಚಲಗೊಳಿಸುವ ಸ್ನಾಯು ಔಷಧಗಳನ್ನೂ ಇಲ್ಲಿ ಅಪರೂಪಕ್ಕೆ ಮಾತ್ರ ಬಳಸುತ್ತಾರೆ. ಅದರ ಅಂಶ ಚೂರು ಉಳಿದರೂ ಕುದುರೆಗೆ ಎದ್ದು ನಿಲ್ಲುವ ಬಲ ಇರುವುದಿಲ್ಲ. ಹಾಗಾಗಿ ಮನುಷ್ಯರ ಪಾಕವನ್ನು ದೊಡ್ಡ ಪಾತ್ರೆಯಲ್ಲಿ ಮಾಡಿದರೆ ಕುದುರೆಯ ಅರಿವಳಿಕೆ ಆಗುವುದಿಲ್ಲ.

ಗ್ಯಾಸ್ ಜೊತೆಗೂ ಜೋಡಿ ಬೇಕು

ಕೆಟಮಿನ್‌ನ ಒಂದು ಡೋಸ್ ಹದಿನೈದು ಇಪ್ಪತ್ತು ನಿಮಿಷಕ್ಕಷ್ಟೇ. ಎರಡು ಮೂರು ಗಂಟೆಯ ಆಪರೇಷನ್‌ಗೆ ಐಸೊಫ್ಲುರೇನ್ ಅಥವಾ ಸೀವೊಫ್ಲುರೇನ್ ಎನ್ನುವ ಗ್ಯಾಸ್ ಬೇಕು. ಆಳವನ್ನು ಹೆಚ್ಚು ಕಡಿಮೆ ಮಾಡಲು ಇವು ಅನುಕೂಲ, ಉಸಿರಿನ ಜೊತೆ ಬಂದು ಉಸಿರಿನ ಜೊತೆಗೇ ಹೋಗುತ್ತವೆ. ಆದರೆ ಗ್ಯಾಸ್ ಹೆಚ್ಚಿಸಿದಷ್ಟೂ ರಕ್ತದೊತ್ತಡ ಇಳಿಯುತ್ತದೆ. ಸ್ನಾಯುವಿನ ವಿಷಯದಲ್ಲಿ ಹೇಳಿದ 70ರ ಗೆರೆ ನೆನಪಿರಲಿ.

ಗ್ಯಾಸಿಗೆ ಇನ್ನೊಂದು ಕೊರತೆ ಇದೆ. ಅದು ಪ್ರಜ್ಞೆ ತಪ್ಪಿಸುತ್ತದೆ, ನೋವಿನ ಸಂದೇಶವನ್ನು ತಡೆಯುವುದರಲ್ಲಿ ದುರ್ಬಲ. ಚಾಕು ತಾಗಿದಾಗ ಕುದುರೆಗೆ ತಿಳಿಯದಿದ್ದರೂ ದೇಹಕ್ಕೆ ತಿಳಿಯುತ್ತದೆ, ಒತ್ತಡ ಏರುತ್ತದೆ, ಕಾಲು ಅಲುಗುತ್ತದೆ. ಬರೀ ಗ್ಯಾಸ್ ನೆಚ್ಚಿದವರು ಆಗ ಇನ್ನಷ್ಟು ಗ್ಯಾಸ್ ಕೊಡಬೇಕು, ಆಗ ಒತ್ತಡ ಇನ್ನಷ್ಟು ಕುಸಿಯುತ್ತದೆ.

ಇದನ್ನು ತಪ್ಪಿಸಲು ಗ್ಯಾಸಿನ ಜೊತೆಗೇ ಲಿಡೊಕೇನ್, ಕೆಟಮಿನ್ ಅಥವಾ ಝೈಲಜೀನ್ ಕುಟುಂಬದ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಡ್ರಿಪ್ ಆಗಿ ಕೊಡುತ್ತಾ ಹೋಗುತ್ತಾರೆ. ಲಿಡೊಕೇನ್ ಎಂದರೆ ಹಲ್ಲು ಕೀಳುವಾಗ ದವಡೆಗೆ ಕೊಡುವ ಇಂಜೆಕ್ಷನ್. ಅದನ್ನು ಹೀಗೆ ರಕ್ತಕ್ಕೆ ಹರಿಸಿದಾಗ ಕುದುರೆಗೆ ಬೇಕಾಗುವ ಐಸೊಫ್ಲುರೇನ್ ಸುಮಾರು ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಆಪರೇಷನ್ ಮುಗಿಯುವ ಅರ್ಧ ಗಂಟೆ ಮುಂಚೆಯೇ ಅದನ್ನು ನಿಲ್ಲಿಸುವುದು ವಾಡಿಕೆ. ಇಲ್ಲದಿದ್ದರೆ ಏಳುವಾಗ ಕಾಲು ತಡವರಿಸುತ್ತದೆ. ಕತ್ತರಿಸುವ ಜಾಗದ ನರಕ್ಕೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಗ್ಯಾಸ್ ಇನ್ನಷ್ಟು ಇಳಿಸಬಹುದು. ಇಷ್ಟಾದರೂ ಒತ್ತಡ ಬಿದ್ದರೆ ಹೃದಯಕ್ಕೆ ಬಲ ಕೊಡುವ ಡೊಬುಟಮಿನ್.

ಇಷ್ಟೆಲ್ಲ ಹರಿಯುತ್ತಿರುವಾಗ ಒಬ್ಬರು ಕುದುರೆಯ ತಲೆಯ ಬಳಿಯೇ ಕುಳಿತು ಕಣ್ಣು ನೋಡುತ್ತಿರುತ್ತಾರೆ. ಕಣ್ಣುಗುಡ್ಡೆ ಪಟಪಟನೆ ಅತ್ತಿತ್ತ ಹೊರಳಿದರೆ ಅರಿವಳಿಕೆ ಹಗುರವಾಗುತ್ತಿದೆ ಎಂದರ್ಥ. ಕೆಟಮಿನ್ ಹರಿಯುತ್ತಿದ್ದರೆ ಕಣ್ಣಿನ ಈ ಸೂಚನೆಗಳೂ ಬದಲಾಗುತ್ತವೆ, ರೆಪ್ಪೆ ಮಿಟುಕಿದರೂ ಪ್ರಜ್ಞೆ ಇಲ್ಲದಿರಬಹುದು. ಔಷಧ ಹೆಚ್ಚಿದಷ್ಟೂ ಓದಬೇಕಾದ ಲಕ್ಷಣಗಳು ಗೋಜಲಾಗುವುದು ಈ ಪದ್ಧತಿಯ ನಿಜವಾದ ತೊಡಕು. ಮಾನಿಟರ್ ಮತ್ತು ಅನುಭವಸ್ಥರು ಇಲ್ಲದ ಕಡೆ ಐದಾರು ಔಷಧ ಬೆರೆಸುವುದನ್ನು ನಾವು ಒಳ್ಳೆಯದು ಎನ್ನುವುದಿಲ್ಲ.

ಎಚ್ಚರವಾಗುವ ಹೊತ್ತು

1975ರ ಜುಲೈ 6. ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್. ಅಲ್ಲಿಯವರೆಗೆ ಓಡಿದ 10 ರೇಸುಗಳನ್ನೂ ಗೆದ್ದಿದ್ದ ರಫಿಯನ್ ಎಂಬ ಹೆಣ್ಣು ಕುದುರೆ, ಆ ವರ್ಷದ ಕೆಂಟಕಿ ಡರ್ಬಿ ಗೆದ್ದ ಫೂಲಿಶ್ ಪ್ಲೆಷರ್ ಜೊತೆ ಒಂಟಿಗೊಂಟಿ ರೇಸಿಗಿಳಿಯಿತು. ನಡುವೆ ಬಲ ಮುಂಗಾಲಿನ ಮೂಳೆ ಮುರಿಯಿತು. ವೈದ್ಯರು ಆಪರೇಷನ್ ಮಾಡಿ ಕಾಲಿಗೆ ಕಟ್ಟು ಹಾಕಿದರು. ಆದರೆ ಅರಿವಳಿಕೆ ಇಳಿಯುತ್ತಿದ್ದಂತೆ ರಫಿಯನ್ ಮಲಗಿದಲ್ಲೇ ಕಾಲು ಬಡಿಯತೊಡಗಿತು, ಇನ್ನೂ ಓಟದಲ್ಲಿದ್ದಂತೆ. ಎಷ್ಟು ಜನ ಹಿಡಿದರೂ ನಿಲ್ಲಲಿಲ್ಲ. ಜೋಡಿಸಿದ್ದೆಲ್ಲ ಹಾಳಾಯಿತು, ಹೊಸ ಗಾಯವೂ ಆಯಿತು. ಜುಲೈ 7ರ ಬೆಳಗಿನ ಜಾವ ಅದಕ್ಕೆ ದಯಾಮರಣ ಕೊಟ್ಟರು.

ಕಾಲು ಮುರಿದ ಕುದುರೆಯನ್ನು ಉಳಿಸುವುದೇ ಇಲ್ಲ ಎನ್ನುವ ಮಾತಿನ ಹಿಂದೆ ಈ ಕಷ್ಟವೂ ಇದೆ. ಹೆದರಿದರೆ ಓಡಬೇಕು ಎನ್ನುವುದು ಕುದುರೆಯ ರಕ್ತದಲ್ಲಿ ಬಂದದ್ದು. ಅರೆ ಎಚ್ಚರದಲ್ಲಿ, ಕಾಲು ಇನ್ನೂ ಸ್ವಾಧೀನಕ್ಕೆ ಬಂದಿರದಾಗ, ಅದು ಮೊದಲು ಮಾಡುವುದು ಎದ್ದು ಓಡುವ ಯತ್ನ. 2002ರ ಅಧ್ಯಯನದಲ್ಲಿ ಸತ್ತ ಕುದುರೆಗಳಲ್ಲಿ ಮೂರನೇ ಒಂದರಷ್ಟು ಹೃದಯ ಸೋತು ಸತ್ತಿದ್ದರೆ, ಕಾಲು ಭಾಗದಷ್ಟಕ್ಕೆ ಕಾರಣ ಮೂಳೆ ಮುರಿತ. ಸ್ನಾಯು ಹಾನಿಯಿಂದ ಸತ್ತವು ಶೇ. 7ರಷ್ಟು.

ಇಲ್ಲೂ ಉಪಾಯ ಇನ್ನೊಂದು ಇಂಜೆಕ್ಷನ್. ಗ್ಯಾಸ್ ನಿಲ್ಲಿಸಿದ ಮೇಲೆ ಝೈಲಜೀನ್ ಅಥವಾ ರೊಮಿಫಿಡೀನ್ ಸ್ವಲ್ಪ ಕೊಡುತ್ತಾರೆ. ಬೇಗ ಏಳಿಸಲು ಅಲ್ಲ, ತಡವಾಗಿ ಏಳಿಸಲು. ಗ್ಯಾಸ್ ಪೂರ್ತಿ ಹೊರಹೋಗುವವರೆಗೆ ಕುದುರೆ ಸುಮ್ಮನೆ ಮಲಗಿದ್ದರೆ ಒಂದೇ ಯತ್ನಕ್ಕೆ ನಿಲ್ಲುತ್ತದೆ. ಗೋಡೆ, ನೆಲಕ್ಕೆಲ್ಲ ಮೆತ್ತೆ ಹಾಕಿದ ಕೋಣೆ, ಮಬ್ಬು ಬೆಳಕು, ಮಾತಿಲ್ಲ. ಕೆಲವು ಕಡೆ ತಲೆಗೂ ಬಾಲಕ್ಕೂ ಹಗ್ಗ ಕಟ್ಟಿ ಹೊರಗಿನಿಂದ ಹಿಡಿದು ಆಸರೆ ಕೊಡುತ್ತಾರೆ. ಬಾಲಕ್ಕೆ ಹಗ್ಗ ಕಟ್ಟಿ ಎಳೆಯುವ ವಿಡಿಯೋ ಬಂದರೆ ಅದು ಇದೇ ಇರಬಹುದು.

2006ರ ಮೇ 20ರಂದು ಪ್ರೀಕ್‌ನೆಸ್ ರೇಸಿನಲ್ಲಿ ಬಾರ್ಬರೋ ಎಂಬ ಕುದುರೆಯ ಹಿಂಗಾಲು ಮುರಿದಾಗ ಪೆನ್ಸಿಲ್ವೇನಿಯಾದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಡೀನ್ ರಿಚರ್ಡ್‌ಸನ್ ಐದು ಗಂಟೆಗೂ ಮೀರಿ ಆಪರೇಷನ್ ಮಾಡಿದರು. ಆಮೇಲೆ ಬಾರ್ಬರೋವನ್ನು ಕಾಲು ತೂರಿಸಲು ತೋಳುಗಳಿರುವ ರಬ್ಬರ್ ತೆಪ್ಪದಲ್ಲಿ ಕೂರಿಸಿ ಬೆಚ್ಚಗಿನ ನೀರಿನ ಕೊಳಕ್ಕೆ ಇಳಿಸಿದರು. ಎಚ್ಚರವಾಗಿ ಎಷ್ಟೇ ಕಾಲು ಬಡಿದರೂ ನೀರಿಗೆ ಬಡಿಯಬೇಕು. ಆ ಗಂಡಾಂತರ ದಾಟಿತು. ತಿಂಗಳುಗಳ ನಂತರ ಗೊರಸಿಗೆ ಬಂದ ರೋಗ ಉಲ್ಬಣಿಸಿ 2007ರ ಜನವರಿ 29ರಂದು ಅದಕ್ಕೂ ದಯಾಮರಣ ಕೊಡಬೇಕಾಯಿತು. ಅರಿವಳಿಕೆಯಿಂದಲ್ಲ.

ಹಾಗಾದರೆ ಈಗ ಪರಿಸ್ಥಿತಿ ಸುಧಾರಿಸಿದೆಯೇ? ಅದೇ ಅಧ್ಯಯನದ ಹೊಸ ಸುತ್ತಿನ ಮೊದಲ ಫಲಿತಾಂಶ 2021ರಲ್ಲಿ ಬಂತು. ಪೂರ್ಣ ಅರಿವಳಿಕೆ ಕೊಟ್ಟ 6,701 ಪ್ರಕರಣಗಳಲ್ಲಿ ಸಾವು ಶೇ. 1.0, ಹೊಟ್ಟೆಶೂಲೆ ಬಿಟ್ಟರೆ ಶೇ. 0.6. ಇಳಿದಿದೆ. ಇದು ಔಷಧ ಹಂಚಿ ಕೊಟ್ಟಿದ್ದರಿಂದಲೇ ಎಂದು ಹೇಳುವುದು ಅವಸರ. ಗ್ಯಾಸ್ ಬದಲಾಗಿದೆ, ಮಾನಿಟರ್ ಬಂದಿದೆ, ತರಬೇತಿ ಹೆಚ್ಚಿದೆ. ಕುದುರೆಯನ್ನು ಮಲಗಿಸದೆಯೇ, ಡೆಟೊಮಿಡೀನ್ ಡ್ರಿಪ್ ಮತ್ತು ನರಕ್ಕೆ ಮರಗಟ್ಟುವ ಇಂಜೆಕ್ಷನ್ ಜೋಡಿಸಿ ನಿಂತಂತೆಯೇ ಮಾಡುವ ಆಪರೇಷನ್‌ಗಳಲ್ಲಿ ಸಾವು ಶೇ. 0.2 ಮಾತ್ರ. ಆಗುವಲ್ಲೆಲ್ಲ ವೈದ್ಯರು ಈಗ ಆ ಕಡೆ ಹೊರಳುತ್ತಿದ್ದಾರೆ.

ಜೋಂಬಿ ಡ್ರಗ್ ಎನ್ನುವ ಇನ್ನೊಂದು ಫಾರ್ವರ್ಡ್

ಫಿಲಡೆಲ್ಫಿಯಾದ ಬೀದಿಯಲ್ಲಿ ಸೊಂಟ ಬಗ್ಗಿಸಿ ನಿಂತಲ್ಲೇ ಮರಗಟ್ಟಿದ ಜನರ ವಿಡಿಯೋ, ಜೊತೆಗೆ ಕುದುರೆ ಔಷಧ ಸೇವಿಸಿ ಜೋಂಬಿ ಆದವರು ಎನ್ನುವ ಸಾಲು. ಆ ಔಷಧ ಝೈಲಜೀನ್. 1962ರಲ್ಲಿ ಜರ್ಮನಿಯ ಬೇಯರ್ ಕಂಪನಿ ರಕ್ತದೊತ್ತಡಕ್ಕೆಂದು ಹುಡುಕುತ್ತಿದ್ದಾಗ ಸಿಕ್ಕಿದ್ದು, ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದಿಲ್ಲ. ಅಮೆರಿಕದಲ್ಲಿ ಅದನ್ನು ಕಳ್ಳಮಾರ್ಗದ ಫೆಂಟನಿಲ್ ಜೊತೆ ಬೆರೆಸಿ ಮಾರುತ್ತಾರೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಈ ಮಿಶ್ರಣವನ್ನು ಹೊಸ ಅಪಾಯ ಎಂದು ಘೋಷಿಸಿತು. ಫೆಂಟನಿಲ್ ಇಳಿಸುವ ನ್ಯಾಲೊಕ್ಸೋನ್ ಝೈಲಜೀನ್ ಮೇಲೆ ಕೆಲಸ ಮಾಡುವುದಿಲ್ಲ.

ಗಮನಿಸಿ, ನಡೆಯುತ್ತಿರುವುದು ಅದೇ ಗಣಿತ. ಎರಡು ಔಷಧ ಒಂದನ್ನೊಂದು ಬಲಪಡಿಸುತ್ತವೆ. ಕುದುರೆಯ ಹತ್ತಿರ ಕುಳಿತವರು ಆ ಬಲ ನೋಡಿ ಡೋಸ್ ಇಳಿಸುತ್ತಾರೆ. ಬೀದಿಯಲ್ಲಿ ಇಳಿಸುವವರು ಯಾರೂ ಇಲ್ಲ, ಉಸಿರು ನಿಲ್ಲುತ್ತದೆ. ನಿದ್ದೆ ಮಾತ್ರೆಯ ಮೇಲೆ ಮದ್ಯ ಕುಡಿದವರಿಗೆ ಆಗುವುದೂ ಇದೇ. ಆಪರೇಷನ್‌ಗೆ ಮುನ್ನ ಅರಿವಳಿಕೆ ತಜ್ಞರು ಏನೇನು ಮಾತ್ರೆ ತಗೋತೀರಿ, ಕುಡಿತ ಇದೆಯೇ ಎಂದು ಕೇಳಿದಾಗ ಮುಚ್ಚಿಡಬೇಡಿ ಎನ್ನುವುದು ಇದಕ್ಕೇ.

ಕೆಟಮಿನ್ ಬರೀ ಕುದುರೆ ಔಷಧ ಎನ್ನುವುದೂ ಸುಳ್ಳು. 1970ರಲ್ಲಿ ಅಮೆರಿಕದಲ್ಲಿ ಅದು ಒಪ್ಪಿಗೆ ಪಡೆದದ್ದು ಮನುಷ್ಯರಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ 1985ರಿಂದಲೂ ಇದೆ.

ಆ ವಿಡಿಯೋ ಮತ್ತೆ ಬಂದರೆ

ಮೂರು ಕಡೆ ನೋಡಿ. ಬಾಯಲ್ಲಿ ಉಸಿರಿನ ಕೊಳವೆ ಇದೆಯೇ, ತಲೆಗೆ ಯಾರಾದರೂ ಆಸರೆ ಕೊಟ್ಟಿದ್ದಾರೆಯೇ, ಮೈ ಪೂರ್ತಿ ಸಡಿಲವಾಗಿದೆಯೇ. ಮೂರೂ ಇದ್ದರೆ ಅದು ಆಸ್ಪತ್ರೆ. ಕುದುರೆ ಕಣ್ಣರಳಿಸಿ ಒದ್ದಾಡುತ್ತಿದ್ದರೆ, ಕಾಲಿಗೆ ಬರೀ ಹಗ್ಗ ಬಿಗಿದಿದ್ದರೆ ಮಾತು ಬೇರೆ. ನಮ್ಮಲ್ಲಿ 1960ರಿಂದ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಸ್ಥಳ, ದಿನ ಗೊತ್ತಿದ್ದರೆ ವಿಡಿಯೋವನ್ನು ಗ್ರೂಪಿಗಲ್ಲ, ಹತ್ತಿರದ ಪೊಲೀಸ್ ಠಾಣೆಗೆ ಕೊಡಿ.